ಬಸವನಹುಳದ ಚಿಪ್ಪು ಬೆಳ್ಳಗಾಗಿ ಸವೀಲತ್ತದ, ಏನ್ ಮಾಡ್ಬೇಕ್ರಿ?

ಸೇಡಂ ರೋಡ್:
ನಮಸ್ಕಾರ್ರಿ. ನಮ್ದು ಕಲಬುರಗಿ. ಮನ್ಯಾಗ ಎರಡಡಿ ಟ್ಯಾಂಕ್ ಅದ, 50 ಲೀಟರ್ ನೀರು ಹಿಡೀತದ. ಆರು ಗಪ್ಪಿ ಮೀನು, ಮಿಸ್ಟರಿ ಸ್ನೇಲ್ ಅನ್ನೋ ಮೂರು ಹಳದಿ ಬಸವನಹುಳ ಅವ. ದೀಪಾವಳಿಗಿ ತಂದಾಗ ಚಿಪ್ಪು ಬೆಣ್ಣಿ ಹಚ್ಚಿದಂಗ ಹೊಳೀತಿತ್ತು. ಈಗ ಸುರುಳಿ ತುದಿ ಬೆಳ್ಳಗಾಗ್ಯಾದ, ಒಂದರದಂತೂ ತೂತು ಬೀಳೋ ಹಂಗದ. ನಮ್ಮ ಬೋರ್ ನೀರಿಗಿ ಬಕೀಟಿಗೆಲ್ಲ ಬಿಳಿ ಪದರ ಕಟ್ತದ, ಇಂಥ ನೀರು ಬ್ಯಾಡಂತ ರೊಕ್ಕ ಕೊಟ್ಟು ಆರ್‌ಓ ಕ್ಯಾನ್ ನೀರೇ ಹಾಕ್ಲತ್ತೀನಿ. ನಮ್ಮತ್ತಿ ಎಲಿಗಿ ಹಚ್ಚೋ ಸುಣ್ಣ ಚೂರು ಹಾಕು ಅಂತಾರ. ಹಾಕ್ಲೇನ್ರಿ? ಮಗ ಸಾಲಿಯಿಂದ ಬಂದ್ರ ಚೀಲ ಇಳಸೂಕಿಂತ ಮೊದ್ಲು ಅವನ್ನೇ ನೋಡ್ತಾನ. ಏನರ ಆದ್ರ ಅವಗ ಹೆಂಗ ಹೇಳ್ಲಿ?

ಫರಸಿ ಊರವ, ಶಹಾಬಾದ್:
ಅಕ್ಕೋರೆ, ಸುಣ್ಣ ಮಾತ್ರ ಹಾಕಬ್ಯಾಡ್ರಿ! ನಿಮ್ಮತ್ತಿಯವರ ಅಂದಾಜು ಖರೇನೇ ಅದ, ಹುಳಕ್ಕ ಕ್ಯಾಲ್ಸಿಯಂ ಕಮ್ಮಿ ಬಿದ್ದದ. ಆದ್ರ ಎಲಿ ಸುಣ್ಣಕ್ಕ ನೀರಿನ ಪಿಎಚ್ (ಹುಳಿ-ಕ್ಷಾರದ ಅಳತಿ, 7ರ ಕೆಳಗ ಹುಳಿ) ದಿಢೀರ್ ಏರ್ತದ, ಗಪ್ಪಿನೂ ಉಳಿಯಂಗಿಲ್ಲ. ಆರ್‌ಓ ಮಷೀನು ನೀರಿನ ಖನಿಜ ಬಹುತೇಕ ತೆಗೀತದ. ಅಂಥ ಮೆದು ನೀರಿನ ಪಿಎಚ್ 7ಕ್ಕಿಂತ ಕೆಳಗಿಳಿದ್ರ ಚಿಪ್ಪೇ ಕರಗ್ತದ. ನೀವು ಬ್ಯಾಡಂದ ಆ ಬಿಳಿ ಪದರಾನೇ ಚಿಪ್ಪು ಕಟ್ಟೋ ಮಾಲು! ಮೂರು ದಿನಕ್ಕೊಮ್ಮೆ ಐದು ಲೀಟರ್ ತೆಗೆದು ಬೋರ್ ನೀರು ಹಾಕ್ರಿ. ಪೂರಾ ಒಮ್ಮೆಗೇ ಬದಲಿಸಬ್ಯಾಡ್ರಿ, ತಡಕೊಳ್ಳಂಗಿಲ್ಲ.

ನೆಲಕ್ಕ ಹಾಸೋ ನಮ್ಮೂರ ಫರಸಿ ಸುಣ್ಣದ ಕಲ್ಲೇ. ಪಾಲಿಶ್ ಮಾಡ್ಲಾರದ ಅಂಗೈಯಷ್ಟು ಚೂರು ಬ್ರಷ್‌ಲೆ ತಿಕ್ಕಿ ತೊಳೆದು ನನ್ನ ಟ್ಯಾಂಕಿನಾಗ ಇಟ್ಟೀನಿ, ನಿಧಾನಕ್ಕ ಕರಗ್ತದ. ಕುದಿಸಿ ಪುಡಿ ಮಾಡಿದ ತತ್ತಿ ಸಿಪ್ಪಿನೂ ನಡೀತದ. ಸವೆದದ್ದು ತಿರುಗಿ ತುಂಬಂಗಿಲ್ಲ, ಬಾಯಿ ಕಡಿ ಅಂಚು ನೋಡ್ರಿ. ಹೊಸದು ಅಲ್ಲೇ ಬೆಳೀತದ.

ಬೀದರ್ ಕಡಿಯಾಕಿ:
ಇನ್ನೊಂದು ಮಾತು. ಮೀನಿನ ಔಷಧದಾಗ ತಾಮ್ರ ಅದ ಏನು ಅಂತ ಓದಿ ಹಾಕ್ರಿ. ನಾ ಓದದ ಹಾಕಿದೆ, ನಾಕು ಹುಳ ಒಂದೇ ರಾತ್ರ್ಯಾಗ ಹೋದ್ವು. ಇವತ್ತಿಗೂ ಆ ಶೀಶೆ ಕಂಡ್ರ ಹೊಟ್ಟಿ ಉರೀತದ. ಬ್ಯಾಸಿಗ್ಯಾಗ ನೀರು ಕಾದು ಆಕ್ಸಿಜನ್ ಕಮ್ಮಿ ಆಗ್ತದ, ಟ್ಯಾಂಕಿನ ಮ್ಯಾಲ ಎರಡು ಇಂಚು ಖಾಲಿ ಬಿಡ್ರಿ. ಹುಳ ಅಲ್ಲಿ ನಳಿಗಿ ಚಾಚಿ ಉಸುರು ತಗೋತಾವ.

ಸೇಡಂ ರೋಡ್:
ಒಂದೂವರೆ ತಿಂಗಳಾತ್ರಿ. ಅಂಚಿಗಿ ಬೆರಳ ಉಗುರಿನಷ್ಟು ಹೊಸ ಹಳದಿ ಬಂದದ! ಅಣ್ಣಾ, ನಿಮ್ಮ ಉಪಕಾರ ಮರಿಯಂಗಿಲ್ಲ. ನಿನ್ನಿ ನೀರಿನ ಮ್ಯಾಲ ಗಾಜಿಗಿ ಗುಲಾಬಿ ಬಣ್ಣದ ಗೊಂಚಲು ಅಂಟ್ಯಾದ. ತತ್ತಿ ಏನ್ರಿ? ಮರಿ ಭಾಳ ಆದ್ರ ನಮ್ಮೂರಾಗಿನ ‘ಅಪ್ಪನ ಕೆರಿ’ಗಿ ಬಿಡೂಣು ಅಂತಾನ ಮಗ.

ಫರಸಿ ಊರವ, ಶಹಾಬಾದ್:
ತತ್ತಿನೇ ರೀ. ನೀರಾಗ ಮುಳುಗಿದ್ರ ಸಾಯ್ತಾವ, ಹಂಗೇ ಬಿಟ್ರ ಎರಡರಿಂದ ನಾಕು ವಾರದಾಗ ಮರಿ. ಕೆರಿಗಿ ಮಾತ್ರ ಬಿಡಬ್ಯಾಡ್ರಿ. ಇವು ದಕ್ಷಿಣ ಅಮೆರಿಕದ ಹುಳ, ನಮ್ಮ ಕೆರಿಯಾಗ ನಮ್ಮವೇ ಬಸವನಹುಳ ಅವ. ಬ್ಯಾಡಾದ್ರ ಗೊಂಚಲು ಕೆತ್ತಿ ಒಂದು ದಿನ ಫ್ರೀಜರ್‌ನಾಗಿಟ್ಟು ಕಸಕ್ಕ ಹಾಕ್ರಿ. ಇಟ್ಕೊಂಡ್ರ ನನಗ ನಾಕು ಮರಿ ಕೊಡ್ರಿ, ನಾನೇ ಕಲಬುರಗಿಗಿ ಬಂದು ಒಯ್ತೀನಿ.