ಎರೆ ಮಣ್ಣಿನಲ್ಲಿ ಸಿಕ್ಕ ಯೀಸ್ಟ್: ಹೊಸ ಪ್ರಭೇದ ಅನ್ನೋಕೆ ಇಷ್ಟು ಸಾಕಾ?

ಎರೆಹೊಲ
ಸಿಂಧನೂರು ಕಡೆಯ ಭತ್ತದ ಗದ್ದೆ, 10 ಸೆಂ.ಮೀ. ಆಳದ ಎರೆ ಮಣ್ಣು. 10 ಗ್ರಾಂ ಮಣ್ಣು 90 ಮಿ.ಲೀ. ಸಲೈನ್‌ನಲ್ಲಿ ಕಲಕಿ, ಪಿಎಚ್ 4ರ ವೈಎಂ ಅಗರ್ (ಯೀಸ್ಟ್-ಮಾಲ್ಟ್ ಪೋಷಕ ಮಾಧ್ಯಮ) ಮೇಲೆ ಹರಡಿದ್ದು. 25 ಡಿಗ್ರಿಯಲ್ಲಿ ಆರನೇ ದಿನ ಕೆನೆ ಬಣ್ಣದ, ಲೋಳೆಯಂಥ ಒಂದೇ ಒಂದು ಕಾಲೊನಿ. ಉಳಿದದ್ದೆಲ್ಲ ಬೂಷ್ಟು, ಬ್ಯಾಕ್ಟೀರಿಯಾ. ಡಿ1/ಡಿ2 (ಯೀಸ್ಟ್ ಗುರುತಿಸೋಕೆ ಓದೋ ರೈಬೋಸೋಮ್ ಜೀನ್ ತುಣುಕು) ಸೀಕ್ವೆನ್ಸ್ ಬ್ಲಾಸ್ಟ್‌ಗೆ (ಸೀಕ್ವೆನ್ಸ್ ಹೋಲಿಸೋ ಆನ್‌ಲೈನ್ ಹುಡುಕಾಟ) ಹಾಕಿದ್ರೆ ಲಿಪೋಮೈಸಿಸ್ ಅನ್ನೋ ಯೀಸ್ಟ್ ಕುಲದ ಜೊತೆ 597ಕ್ಕೆ 580 ಬೇಸ್ ಹೊಂದಾಣಿಕೆ. ಹೊಸ ಪ್ರಭೇದ ಅಂತ ಬರೆಯಬಹುದಾ? ಇನ್ನೇನು ಬೇಕು?

ಬೇಸ್‌ಜೋಡಿ
17 ಬೇಸ್ ಅಂತರ ಕಮ್ಮಿ ಏನಲ್ಲರಿ. 1998ರಲ್ಲಿ ಯೀಸ್ಟ್ ತಜ್ಞರಾದ ಕರ್ಟ್ಸ್‌ಮನ್, ರಾಬ್‌ನೆಟ್ ಹಾಕಿಕೊಟ್ಟ ಲೆಕ್ಕದಲ್ಲಿ ಶೇ. 1, ಅಂದ್ರೆ ಆರು ಬೇಸ್ ಬದಲಾದ್ರೂ ಬೇರೆ ಪ್ರಭೇದವೇ ಇರಬಹುದು. ಆದ್ರೆ ಬ್ಲಾಸ್ಟ್‌ನಲ್ಲಿ ಮೇಲೆ ಬಂದ ಹೆಸರು ನಂಬಬೇಡ್ರಿ, ತಪ್ಪು ಹೆಸರು ಹೊತ್ತ ಸೀಕ್ವೆನ್ಸ್ ಅಲ್ಲಿ ಬೇಕಾದಷ್ಟಿವೆ. ಟೈಪ್ ಸ್ಟ್ರೈನ್‌ಗಳನ್ನಷ್ಟೇ (ಪ್ರಭೇದದ ಹೆಸರಿಗೆ ಆಧಾರವಾದ ಮೂಲ ತಳಿಗಳು) ಇಟ್ಟು ಮತ್ತೆ ಹೋಲಿಸ್ರಿ.

ಕ್ರೊಮ್ಯಾಟೊಗ್ರಾಮ್ (ಸೀಕ್ವೆನ್ಸ್ ಓದಿದ ಬಣ್ಣದ ಶಿಖರಗಳ ಚಿತ್ರ) ತೆರೆದು ಕಣ್ಣಾರೆ ನೋಡಿದ್ರಾ? ಎರಡೂ ತುದಿಯ 30–40 ಬೇಸ್ ಸ್ಪಷ್ಟ ಇರಲ್ಲ. ಆ 17ರಲ್ಲಿ ಹತ್ತು ಅಲ್ಲೇ ಕೂತಿದ್ರೆ ನಿಮ್ಮ ಹೊಸ ಪ್ರಭೇದ ಅಲ್ಲಿಗೇ ಮುಗೀತು. ಎನ್‌ಎಲ್1, ಎನ್‌ಎಲ್4 ಎರಡೂ ಪ್ರೈಮರ್‌ನಿಂದ (ತುಣುಕಿನ ಒಂದೊಂದು ತುದಿಯಿಂದ ಓದು ಶುರು ಮಾಡೋ ಚಿಕ್ಕ ಡಿಎನ್‌ಎ) ಓದಿಸ್ರಿ. ನಡುವೆ ಒಂದೇ ಜಾಗದಲ್ಲಿ ಹಸಿರು ಶಿಖರದ ಹೊಟ್ಟೆಯೊಳಗೆ ಕೆಂಪು ಶಿಖರ ಕಂಡ್ರೆ, ಲೋಳೆಗೆ ಇನ್ನೊಂದು ಯೀಸ್ಟ್ ಅಂಟಿಕೊಂಡು ಬಂದಿರೋ ಸಾಧ್ಯತೆ ಇದೆ. ಒಂಟಿ ಕಾಲೊನಿ ಎತ್ತಿ ಮೂರು ಸಲ ಹೊಸ ತಟ್ಟೆ ಮೇಲೆ ಗೆರೆ ಎಳೆದು ಸ್ಟ್ರೀಕ್ ಮಾಡಿದ ಮೇಲೇ ಮತ್ತೆ ಡಿಎನ್‌ಎ ತೆಗೀರಿ. ಐಟಿಎಸ್ (ರೈಬೋಸೋಮ್ ಜೀನ್‌ಗಳ ನಡುವಿನ ತುಣುಕು) ಕೂಡ ಬೇಕೇ ಬೇಕು. ಜೀನೋಮ್ ಮಾಡಿಸೋ ಅನುದಾನ ಇದ್ರೆ ವಿಮರ್ಶಕರ ಅರ್ಧ ಪ್ರಶ್ನೆ ಮೊದಲೇ ತೀರ್ತವೆ.

ಕವಚ
ಲಿಪೋಮೈಸಿಸ್ ಅಂತ ಖಾತ್ರಿ ಆಗೋಕೆ ಇಂಡಿಯಾ ಇಂಕ್ ಹಾಕಿ ನೋಡ್ರಿ, ಕಪ್ಪು ಹಿನ್ನೆಲೆಯಲ್ಲಿ ಕೋಶದ ಸುತ್ತ ಬೆಳ್ಳಗಿನ ಬಳೆ ಕಾಣಬೇಕು. ಡರ್ಹಮ್ ಟ್ಯೂಬ್‌ನಲ್ಲಿ (ಗ್ಯಾಸ್ ಹಿಡಿಯೋ ತಲೆಕೆಳಗಾದ ಪುಟ್ಟ ನಳಿಕೆ) ಗ್ಲೂಕೋಸ್ ಹುದುಗಬಾರದು. ಹುದುಗಿ ಗ್ಯಾಸ್ ಬಂದ್ರೆ ಕಲ್ಚರ್ ಮೇಲೇ ಅನುಮಾನ ಪಡ್ರಿ. ಬೀಜಕ ನೋಡೋಕೆ 5% ಮಾಲ್ಟ್ ಅಗರ್‌ನಲ್ಲಿ ನಾಲ್ಕಾರು ವಾರ ಬಿಡ್ರಿ. ಬೀಜಕ ಆದಂತೆ ಕೆನೆ ಬಣ್ಣದ ಕಾಲೊನಿ ಬೆಲ್ಲದ ಬಣ್ಣಕ್ಕೆ ತಿರುಗುತ್ತೆ, ಬಿಟ್ಟುಬಿಟ್ಟು ಅಲ್ಲಲ್ಲಿ. ಆ ಭಾಗದಿಂದಲೇ ಸ್ಲೈಡ್ ಮಾಡ್ರಿ.

ಯಾವ ನೈಟ್ರೋಜನ್ ಮೂಲ ಬಳಸಿ ಬೆಳೀತದೆ ಅನ್ನೋ ಪರೀಕ್ಷೆಯಲ್ಲಿ ಮೋಸ ಹೋಗೋರು ಜಾಸ್ತಿ. ಈ ಕುಲ ಚೂರುಪಾರು ನೈಟ್ರೋಜನ್‌ನಲ್ಲೂ ಬೆಳೀತದೆ, ಇನಾಕ್ಯುಲಮ್ (ಟ್ಯೂಬ್‌ಗೆ ಬಿತ್ತಿದ ಕೋಶ) ಜೊತೆ ಹೋದದ್ದೇ ಸಾಕು. ಮೊದಲ ಟ್ಯೂಬ್ ಮಬ್ಬಾದ್ರೆ ಅದರಿಂದ ಎರಡನೇ ಟ್ಯೂಬ್‌ಗೆ ದಾಟಿಸಿ, ಅಲ್ಲೂ ಬೆಳೆದ್ರೆ ಮಾತ್ರ ಹೌದು ಅಂತ ಬರೀರಿ.

ಸುಣ್ಣಹರಳು
ಒಂದೇ ಸ್ಟ್ರೈನ್ ಮೇಲೆ ಪ್ರಭೇದ ವಿವರಿಸಬಹುದು, ಆದ್ರೆ ಯಾವ ಗುಣ ಪ್ರಭೇದದ್ದು, ಯಾವುದು ಆ ಒಂದರದ್ದು ಅಂತ ತಿಳಿಯಲ್ಲ. ಅದೇ ಗದ್ದೆಗೆ ಇನ್ನೊಮ್ಮೆ ಹೋಗ್ರಿ.

ಎರೆ ಮಣ್ಣಿನ ಪಿಎಚ್ ಸಾಮಾನ್ಯವಾಗಿ 8ರ ಮೇಲೆ, ಒಳಗೆ ಸುಣ್ಣದ ಹರಳು. ಮೊದಲ ಡೈಲ್ಯೂಷನ್ (ಮಣ್ಣು ಕಲಕಿದ ನೀರು) ಸುರಿದ ತಟ್ಟೆಯಲ್ಲಿ ಹರಳಿನ ಸುತ್ತ ಆಮ್ಲ ಸತ್ತು ಬ್ಯಾಕ್ಟೀರಿಯಾ ಏಳ್ತವೆ. ಆಮ್ಲ ಬಿಟ್ಟು ಲೀಟರ್‌ಗೆ 100 ಮಿ.ಗ್ರಾಂ ಕ್ಲೋರಾಂಫೆನಿಕಾಲ್ ಹಾಕ್ರಿ. ಆಮ್ಲವೇ ಬೇಕಂದ್ರೆ ಆಟೋಕ್ಲೇವ್ ಆಗಿ 50 ಡಿಗ್ರಿಗೆ ಇಳಿದ ಮೇಲೆ ಸೇರಿಸ್ರಿ, ಮೊದಲೇ ಹಾಕಿದ್ರೆ ಅಗರ್ ಗಟ್ಟಿ ಆಗಲ್ಲ. ಜೇಡಿ ಕಣಕ್ಕೆ ಅಂಟಿದ ಕೋಶ ಬಿಡಿಸೋಕೆ ಸಲೈನ್ ಬದಲು 0.1% ಸೋಡಿಯಂ ಪೈರೊಫಾಸ್ಫೇಟ್‌ನಲ್ಲಿ ಅರ್ಧ ಗಂಟೆ ಶೇಕರ್ ಮೇಲಿಡ್ರಿ. ಜೊತೆಗೆ ನೈಟ್ರೋಜನ್ ಇಲ್ಲದ ಗ್ಲೂಕೋಸ್ ಅಗರ್ ಒಂದು ಸೆಟ್ ಇರಲಿ. ಅದರಲ್ಲಿ ಬೂಷ್ಟು ಸೊರಗುತ್ತೆ, ಲಿಪೋಮೈಸಿಸ್ ಹನಿಹನಿಯಾಗಿ ಹೊಳೀತದೆ. ಮೂರು ವಾರ ಕಾಯಬೇಕು.

ಬೇಸ್‌ಜೋಡಿ
ಹೆಸರಿನ ವಿಷಯ ಬಿಟ್ಟಿದ್ದೆ. ಇಂಗ್ಲಿಷ್ ಅಥವಾ ಲ್ಯಾಟಿನ್‌ನಲ್ಲಿ ವಿವರಣೆ, ಮೈಕೊಬ್ಯಾಂಕ್‌ನಂಥ (ಶಿಲೀಂಧ್ರಗಳ ಹೆಸರು ದಾಖಲಿಸೋ ತಾಣ) ಕಡೆ ನೋಂದಣಿ ಸಂಖ್ಯೆ (2013ರಿಂದ ಕಡ್ಡಾಯ), ಹೋಲೋಟೈಪ್ (ಹೆಸರಿಗೆ ಆಧಾರವಾಗೋ ಒಂದು ಮಾದರಿ) ಇಟ್ಟ ಸಂಗ್ರಹಾಲಯದ ಹೆಸರು. ಟೈಪ್ ಕಲ್ಚರ್ ಆಗಿದ್ರೆ 'ಚಯಾಪಚಯ ನಿಂತ ಸ್ಥಿತಿಯಲ್ಲಿ ಸಂರಕ್ಷಿತ' ಅನ್ನೋ ಮಾತು ಪ್ರಬಂಧದಲ್ಲೇ ಇರಬೇಕು. 2019ರಿಂದ ಅದಿಲ್ಲದ ಹೆಸರು ಸಿಂಧು ಅಲ್ಲ. ಸ್ಲ್ಯಾಂಟ್‌ನಲ್ಲಿ (ಓರೆ ಅಗರ್ ನಳಿಕೆ) ಬೆಳೆಯುತ್ತಾ ಇರೋ ಹಾಗೆ ಇಟ್ಟದ್ದು ಟೈಪ್ ಆಗಲ್ಲ, ಫ್ರೀಜ್‌ಡ್ರೈ ಅಥವಾ ದ್ರವ ನೈಟ್ರೋಜನ್‌ನಲ್ಲಿ ಇಟ್ಟದ್ದು ಆಗ್ತದೆ.

ಚಂಡೀಗಢದ ಎಂಟಿಸಿಸಿಗೆ (ಸೂಕ್ಷ್ಮಜೀವಿ ಕಲ್ಚರ್‌ಗಳ ಸಂಗ್ರಹ) ಒಂದು ಕೊಡ್ರಿ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಹೊಸ ಪ್ರಭೇದದ ಮಾದರಿ ಮಾನ್ಯ ಭಂಡಾರಕ್ಕೆ ಸೇರಬೇಕು. ಹೊರದೇಶದ ಸಂಗ್ರಹಕ್ಕೆ ಕಳಿಸೋ ಮೊದಲು ಜೀವವೈವಿಧ್ಯ ಪ್ರಾಧಿಕಾರದ ನಿಯಮ ಓದ್ರಿ. ಠೇವಣಿ ಪತ್ರ ಕೈಗೆ ಬಾರದೆ ಪ್ರಬಂಧ ಕಳಿಸಬೇಡ್ರಿ. ಊರಿನ ಹೆಸರೇ ಇಡೋದಾದ್ರೆ ಕೊನೆಗೆ 'ಎನ್ಸಿಸ್' ಬರಬೇಕು. ಲಿಪೋಮೈಸಿಸ್ ಪುಲ್ಲಿಂಗ, 'ಎನ್ಸೆ' ಅಂತ ಬರೆದ್ರೆ ತಪ್ಪು.