ನೋವಿನ ಔಷಧದ ಚಟದ ಅನುಮಾನ ಇದ್ದವರಿಗೆ ಮುರಿತದ ನೋವು ಬಂದಾಗ ಏನು ಮಾಡಿಸಿದಿರಿ?

ಮಂಡ್ಯದ ಅಕ್ಕ: ತಮ್ಮ ಬೈಕಿಂದ ಬಿದ್ದು ತೊಡೆಮೂಳೆ ಮುರ್ಕೊಂಡಿದ್ದಾನೆ. ಬೆನ್ನುನೋವಿಗೆ ವರ್ಷಗಟ್ಟಲೆ ಟ್ಯಾಪೆಂಟಡಾಲ್ (ಅಫೀಮಿನ ಥರ ಕೆಲಸ ಮಾಡೋ ನೋವಿನ ಮಾತ್ರೆ) ತಗೋತಿದ್ದ. ವಾರ್ಡಲ್ಲಿ ‘ಚಟದವನು’ ಅಂತ ಪ್ಯಾರಾಸಿಟಮಾಲ್ ಬಿಟ್ಟು ಏನೂ ಕೊಡ್ತಿಲ್ಲ. ಅನುಭವ ಇದ್ದವರು ಹೇಳಿ.

ತುಂಗಾತೀರ: ನಮ್ಮ ಯಜಮಾನ್ರು ಚಟ ಬಿಡೋಕೆ ಬ್ಯುಪ್ರೆನಾರ್ಫಿನ್ ಅನ್ನೋ ಮಾತ್ರೆ ದಿನಾ ತಗೋತಿದ್ರು. ಅಪೆಂಡಿಕ್ಸ್ ಆಪರೇಷನ್ ಅಂತ ಸರ್ಜನ್ ಅದನ್ನೇ ನಿಲ್ಲಿಸಿದ್ರು. ಆಕಳಿಕೆ, ಮೂಗಲ್ಲಿ ನೀರು, ಭೇದಿ, ಹೊದಿಕೆಯೆಲ್ಲ ಬೆವರಲ್ಲಿ ಒದ್ದೆ. ಐಸಿಯುಗೆ ಹಾಕಿ ದಿನಕ್ಕೆ 9,500 ತಗೊಂಡ್ರು. ಆಮೇಲೆ ಸೈಕಿಯಾಟ್ರಿಸ್ಟ್ ಬಂದು ಮಾತ್ರೆ ಮತ್ತೆ ಶುರು ಮಾಡಿ, ದಿನದ ಡೋಸನ್ನೇ ಮೂರು ಪಾಲು ಮಾಡಿಸಿದ್ರು. ಒಂದು ಡೋಸ್ ವಿತ್‌ಡ್ರಾಯಲ್‌ನ, ಅಂದ್ರೆ ಔಷಧ ನಿಂತಾಗ ಬರೋ ಈ ಕಾಟನ, ಇಡೀ ದಿನ ತಡೆಯುತ್ತೆ, ನೋವನ್ನ ಮಾತ್ರ ಆರೆಂಟು ಗಂಟೆ ಅಷ್ಟೇ. ಇಷ್ಟು ಗೊತ್ತಿಲ್ಲದೆ ಬಿಲ್ ಹಾಕಿದ್ರು!

ರಾತ್ರಿಪಾಳಿ ಸಿಸ್ಟರ್: ಬೈಯೋದು ಸುಲಭ. 2018ರಲ್ಲಿ ಟ್ರಮಡಾಲ್ ಅನ್ನೋ ನೋವಿನ ಔಷಧ ಕೂಡ ಎನ್‌ಡಿಪಿಎಸ್, ಅಂದ್ರೆ ಮಾದಕ ವಸ್ತು ಕಾಯ್ದೆಗೆ ಸೇರ್ತು. ನಮ್ಮಲ್ಲಿ ಪ್ರತಿ ಇಂಜೆಕ್ಷನ್ ಆಂಪೂಲ್‌ಗೂ ರಿಜಿಸ್ಟರ್, ಖಾಲಿದೂ ವಾಪಸ್ ಒಪ್ಪಿಸ್ಬೇಕು. ಬೇರೆ ಪಾಳಿಯಲ್ಲಿ ಒಂದು ಕಾಣೆಯಾಗಿದ್ದಕ್ಕೆ ಮೆಮೊ ಬಂದಿದ್ದು ನನಗೆ. ಇನ್‌ಕ್ರಿಮೆಂಟ್ ಹೋಯ್ತು. ಯಾರೂ ಕೇಳಲಿಲ್ಲ.

ಹುಬ್ಬಳ್ಳಿ ಮಂದಿ: ಸಿಸ್ಟರ್, ರಿಜಿಸ್ಟರ್ ನಿಮ್ದು, ನರಳೂದು ನಮ್ದು. ಅಣ್ಣ ಟ್ರಮಡಾಲ್ ತಗೋತಾನಂತ ಮುಚ್ಚಿಡದ ಹೇಳಿದ್ವಿ. ಅಂಥವಗ ಪೆಂಟಾಜೋಸಿನ್ ಅನ್ನೂ ಬ್ಯಾರೆ ನೋವಿನ ಇಂಜೆಕ್ಷನ್ ಚುಚ್ಚಿದ್ರಿ! ಅದು ಮೊದಲಿನ ಔಷಧದ ಕೆಲಸಾನ ಕೆಡಿಸ್ತದ. ಮೈಯೆಲ್ಲ ಮುಳ್ಳೆದ್ದು, ವಾಂತಿ ಮಾಡ್ಕೋತ ಮಂಚದಿಂದ ಇಳದು ಓಡಾಕ ಹತ್ತಿದ. ಅದನ್ನ ನೋಡಿ ‘ಚಟಾ ಕನ್ಫರ್ಮ್’ ಅಂತ ಬರದ್ರು. ಅರಿವಳಿಕೆ ಡಾಕ್ಟ್ರು ಬಂದು ತೊಡಿಸಂದಿ ನರಕ್ಕ ಬ್ಲಾಕ್, ಅಂದ್ರ ಮರಗಟ್ಟಿಸೂ ಇಂಜೆಕ್ಷನ್, ಕೊಟ್ಟ ಮ್ಯಾಲ ನಿದ್ದಿ ಮಾಡಿದ. 4,500 ತಗೊಂಡ್ರು, ಕೊಟ್ವಿ.

ಸಿಸ್ಟರ್: ಆರ್ಡರ್ ಬರೆಯೋದು ನಾನಲ್ಲ. ‘ಚುಚ್ಚಿದ್ರಿ’ ಅಂತ ನನಗ್ಯಾಕೆ ಹೇಳ್ತೀರಿ?

ಮಲ್ನಾಡ್ ಅಪ್ಪ: ತುಂಗಾತೀರ ಅವರೇ, ಒಂದು ಮಾತ್ರೆ ಬಿಡಿಸೋಕೆ ಇನ್ನೊಂದು ಮಾತ್ರೆ ಅಂದ್ರೆ ಬಿಟ್ಟಂಗೆ ಹೇಗಾಯ್ತು? ನನ್ನ ಮಗ ಪೂರ್ತಿ ಬಿಟ್ಟ. ಹಲ್ಲು ಕೀಳಿಸಿದಾಗ್ಲೂ ಐಬುಪ್ರೊಫೆನ್‌ನಲ್ಲೇ ತಡ್ಕೊಂಡ.

ತುಂಗಾತೀರ: ಹಲ್ಲಿಗೂ ಹೊಟ್ಟೆ ಕೊಯ್ದಿದ್ದಕ್ಕೂ ಹೋಲಿಸ್ತೀರಾ? ಶುಗರ್‌ನವರಿಗೆ ಇನ್ಸುಲಿನ್ ಬಿಡಿ ಅಂತೀರಾ? ಪೂರ್ತಿ ಬಿಟ್ಟವರು ಮತ್ತೆ ಹಳೇ ಡೋಸ್ ತಗೊಂಡ್ರೆ ಉಸಿರು ನಿಲ್ಲುತ್ತೆ, ಅದೂ ಗೊತ್ತಿರಲಿ.

ಮಂಡ್ಯದ ಅಕ್ಕ: ಹುಬ್ಬಳ್ಳಿಯವರೇ, ಆ ಬ್ಲಾಕ್ ಎಷ್ಟು ಹೊತ್ತು ಇತ್ತು? ಸರ್ಕಾರಿ ಆಸ್ಪತ್ರೇಲೂ ಕೊಡ್ತಾರಾ?

ಮಲ್ನಾಡ್ ಅಪ್ಪ: ನನ್ನ ಮಗನ ಉಸಿರಿನ ಮಾತು ಎತ್ತಬೇಡಿ ಮೇಡಂ. ಅವನು ಆ ಚಟ ಬಿಟ್ಟು ಹೊರಗೆ ಬರೋಕೆ ನಾವು ತೋಟ ಅಡ ಇಟ್ಟಿದ್ದೀವಿ.