ತಾಮ್ರದಲ್ಲಿ ಮೂವತ್ನಾಲ್ಕೂವರೆ ನ್ಯೂಟ್ರಾನ್ ಇರ್ತದಾ?

ಪ್ರಶ್ನೆ (ಅಡಿಕೆ ಬೆಳೆಗಾರರು, ತೀರ್ಥಹಳ್ಳಿ ಕಡೆ): ಮೇಷ್ಟ್ರೇ, ಮಗಳು ಒಂಬತ್ತನೇ ಕ್ಲಾಸು. ತಾಮ್ರದ ಪರಮಾಣು ರಾಶಿ 63.5, ಪ್ರೋಟಾನ್ 29. ಕಳೆದರೆ ನ್ಯೂಟ್ರಾನ್ 34.5 ಬರ್ತದೆ, ಅರ್ಧ ನ್ಯೂಟ್ರಾನ್ ಇರ್ತದಾ ಅಂತ ಕೇಳ್ತಾಳೆ. ಯಾರೋ 64 ಅಂತ ಹಿಡಿದು 35 ಬರಿ ಅಂದರಂತೆ. ಸರಿಯಾ? ಹಾಗೇ, ಅಡಿಕೆ ಕೊಳೆರೋಗದ ಔಷಧಿಗೆ ತರೋ ಮೈಲುತುತ್ತದಲ್ಲಿ (ಕಾಪರ್ ಸಲ್ಫೇಟ್) ನಿಜವಾದ ತಾಮ್ರ ಎಷ್ಟಿರ್ತದೆ?

ಉತ್ತರ (ರಸಾಯನಶಾಸ್ತ್ರ ಉಪನ್ಯಾಸಕರು, ಶಿವಮೊಗ್ಗ): ಅರ್ಧ ನ್ಯೂಟ್ರಾನ್ ಇಲ್ಲ. ಆದರೆ 35 ಅನ್ನುವುದು ಅದಕ್ಕಿಂತ ಕೆಟ್ಟ ಉತ್ತರ, ಏಕೆಂದರೆ ನೋಡಲು ಸರಿ ಇದ್ದಂತೆ ಕಾಣುತ್ತದೆ. 29 ಪ್ರೋಟಾನ್, 35 ನ್ಯೂಟ್ರಾನ್ ಸೇರಿದರೆ ತಾಮ್ರ-64. ಮೈಲುತುತ್ತದಲ್ಲಾಗಲಿ ತಾಮ್ರದ ಹಂಡೆಯಲ್ಲಾಗಲಿ ಅದು ಇರುವುದಿಲ್ಲ. ಅದು ಸೈಕ್ಲೋಟ್ರಾನ್ ಅಥವಾ ರಿಯಾಕ್ಟರಿನಲ್ಲಿ ತಯಾರಿಸುವ ವಿಕಿರಣಶೀಲ ಐಸೋಟೋಪ್. ಪ್ರತಿ 12.7 ಗಂಟೆಗೆ ಅರ್ಧದಷ್ಟು ಕಳೆದುಹೋಗುತ್ತದೆ, ಪೆಟ್ ಸ್ಕ್ಯಾನಿಗೆ ಬಳಸುತ್ತಾರೆ.

ನಿಸರ್ಗದಲ್ಲಿ ಸಿಗುವ ತಾಮ್ರದಲ್ಲಿ ಎರಡು ಬಗೆ. ನೂರು ಪರಮಾಣು ತೆಗೆದುಕೊಂಡರೆ ಸುಮಾರು 69ರಲ್ಲಿ 34 ನ್ಯೂಟ್ರಾನ್, ಉಳಿದ 31ರಲ್ಲಿ 36. ಎರಡೂ ಸ್ಥಿರ, ಎರಡರಲ್ಲೂ ಪ್ರೋಟಾನ್ 29. ಇವೇ ಸಮಸ್ಥಾನಿಗಳು, ಅಂದರೆ ಐಸೋಟೋಪ್‌ಗಳು. ಪುಸ್ತಕದ 63.5 ಇವುಗಳ ಸರಾಸರಿ ಅಷ್ಟೇ. ತೋಟದಲ್ಲಿ ಮರಕ್ಕೆ ಸರಾಸರಿ ಎರಡೂವರೆ ಗೊನೆ ಅಂದರೆ ಯಾವ ಮರದಲ್ಲೂ ಅರ್ಧ ಗೊನೆ ನೇತಾಡುವುದಿಲ್ಲವಲ್ಲ.

ಹಾಗಾಗಿ ನ್ಯೂಟ್ರಾನ್ ಲೆಕ್ಕಕ್ಕೆ ರಾಶಿ ಸಂಖ್ಯೆ (ಪ್ರೋಟಾನ್, ನ್ಯೂಟ್ರಾನ್ ಸೇರಿದ ಎಣಿಕೆ) ಬೇಕು, ಪರಮಾಣು ರಾಶಿಯಲ್ಲ. ತಾಮ್ರ-63 ಎಂದು ಕೊಟ್ಟಿದ್ದರೆ 34, ತಾಮ್ರ-65 ಎಂದಿದ್ದರೆ 36. ಬರೀ 63.5 ಕೊಟ್ಟು ನ್ಯೂಟ್ರಾನ್ ಎಷ್ಟು ಅಂತ ಕೇಳಿದ್ದರೆ ಪ್ರಶ್ನೆಯೇ ತಪ್ಪು.

ಮೈಲುತುತ್ತಕ್ಕೆ ಬಂದರೆ ಮಾತ್ರ ಸರಾಸರಿಯೇ ಬೇಕು. ಹರಳಿನಲ್ಲಿ ತಾಮ್ರ 63.55, ಗಂಧಕ 32.06, ಆಕ್ಸಿಜನ್ ನಾಲ್ಕು ಅಂದರೆ 64, ಜೊತೆಗೆ ಐದು ನೀರಿನ ಅಣು 90.08. ಒಟ್ಟು 249.69. ತಾಮ್ರದ ಪಾಲು ಶೇ 25.45, ಅಂದರೆ ಕಿಲೋಗೆ ಸುಮಾರು 254 ಗ್ರಾಂ. ಮಕ್ಕಳು ಐದು ನೀರನ್ನು ಬಿಟ್ಟು ಲೆಕ್ಕ ಹಾಕಿ 398 ಗ್ರಾಂ ತರುತ್ತಾರೆ. ಅದು ಹರಳನ್ನು ಕಾಯಿಸಿ, ನೀಲಿ ಹೋಗಿ ಬಿಳಿ ಪುಡಿಯಾದ ಮೇಲಿನ ಲೆಕ್ಕ.

ಪ್ರಶ್ನೆ (ಪಿಯುಸಿ ವಿದ್ಯಾರ್ಥಿ, ಸಾಗರ): ಸರ್, 63 ಮತ್ತು 65 ಹಾಕಿ, ಸರಾಸರಿ 63.546 ಇಟ್ಟು ಲೆಕ್ಕ ಮಾಡಿದೆ. ತಾಮ್ರ-63ರ ಪಾಲು ಶೇ 72.7 ಬಂತು. ಕೋಷ್ಟಕದಲ್ಲಿ 69.15 ಇದೆ. ಎಲ್ಲಿ ತಪ್ಪಿದೆ?

ಉತ್ತರ (ಅದೇ ಉಪನ್ಯಾಸಕರು): ಬೀಜಗಣಿತ ಸರಿ ಇದೆ, ಹಾಕಿದ ಅಂಕಿ ಸರಿ ಇಲ್ಲ. 63 ಅನ್ನುವುದು ಕಣಗಳ ಎಣಿಕೆ, ತೂಕವಲ್ಲ. ಕಾರ್ಬನ್-12ಕ್ಕೆ ಸರಿಯಾಗಿ 12 ಎಂದು ಹಿಡಿದ ಮಾನದಲ್ಲಿ ತಾಮ್ರ-63 ತೂಗುವುದು 62.9296, ತಾಮ್ರ-65 ತೂಗುವುದು 64.9278. ಪ್ರೋಟಾನ್ ನ್ಯೂಟ್ರಾನ್‌ಗಳು ನ್ಯೂಕ್ಲಿಯಸ್ಸಿನಲ್ಲಿ ಬಿಗಿಯಾಗಿ ಕೂಡಿಕೊಂಡಾಗ ಸ್ವಲ್ಪ ರಾಶಿ ಬಂಧಕ ಶಕ್ತಿಯಾಗಿ ಹೊರಹೋಗುತ್ತದೆ. ತಾಮ್ರದಲ್ಲಿ ಈ ಬಿಗಿತ ಕಾರ್ಬನ್ನಿಗಿಂತ ಹೆಚ್ಚು.

ಈಗ 64.9278ರಿಂದ 63.546 ಕಳೆದು, ಬಂದ 1.3818ನ್ನು ಎರಡು ತೂಕಗಳ ವ್ಯತ್ಯಾಸವಾದ 1.9982ರಿಂದ ಭಾಗಿಸು. 0.6915. ಕೇವಲ 0.07ರ ವ್ಯತ್ಯಾಸಕ್ಕೆ ಇಷ್ಟು ಏರುಪೇರು ಯಾಕೆ ಅಂದರೆ, ಭಾಗಿಸುವ ಸಂಖ್ಯೆಯೇ ಬರೀ 2. 0.07ನ್ನು 2ರಿಂದ ಭಾಗಿಸಿದರೆ ಶೇ ಮೂರೂವರೆ ಆಯಿತು. ಕ್ಲೋರಿನ್‌ಗೆ 35, 37, 35.5 ಹಾಕಿದರೆ 75:25 ಚೆನ್ನಾಗಿ ಬರುತ್ತದೆ ಅಂತ ಮೋಸ ಹೋಗಬೇಡ. ಅಲ್ಲಿ ಎರಡು ತಪ್ಪು, ತೂಕದ ಬದಲು ಎಣಿಕೆ ಹಾಕಿದ್ದು ಮತ್ತು ಸರಾಸರಿಯನ್ನು 35.5 ಎಂದು ಹಿಡಿದದ್ದು, ಒಂದನ್ನೊಂದು ಹೊಡೆದುಹಾಕುತ್ತವೆ. ನಿಜವಾದ ಸರಾಸರಿ 35.45 ಹಾಕಿ ನೋಡು, 77.5 ಬರುತ್ತದೆ.

ಪ್ರಶ್ನೆ (ಮೊದಲಿನವರೇ): ಹಾಗಾದರೆ ಔಷಧಿಗೆ 63, 65 ಅಂತ ಏನಾದರೂ ಫರಕು ಉಂಟಾ? ಚಾಕು ಅದ್ದಿ ನೋಡೋದು ಇದಕ್ಕೇನಾ?

ಉತ್ತರ (ಪ್ರೌಢಶಾಲಾ ವಿಜ್ಞಾನ ಶಿಕ್ಷಕಿ, ಕೊಪ್ಪ): ಫರಕಿಲ್ಲ. ಶಿಲೀಂಧ್ರಕ್ಕೆ ಎದುರಾಗುವುದು ಎಲೆಕ್ಟ್ರಾನುಗಳ ಏರ್ಪಾಡು, ಅದು ಎರಡರಲ್ಲೂ ಒಂದೇ. ಚಾಕು ಪರೀಕ್ಷೆಯೂ ಎಲೆಕ್ಟ್ರಾನಿನ ಕೆಲಸವೇ. ಶೇ 1ರ ಬೋರ್ಡೋಗೆ (ತುತ್ತ, ಸುಣ್ಣ ಬೆರೆಸಿದ ಕೊಳೆ ಔಷಧಿ) ಒಂದು ಕಿಲೋ ತುತ್ತ 50 ಲೀಟರ್ ನೀರಿನಲ್ಲಿ, ಒಂದು ಕಿಲೋ ಸುಣ್ಣ ಇನ್ನೊಂದು 50 ಲೀಟರಿನಲ್ಲಿ. ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತಾ ಕದಡಬೇಕು. ಸುಣ್ಣ ಹಳೆಯದಾಗಿದ್ದರೆ ತಾಮ್ರದ ಅಯಾನು (ಎರಡು ಎಲೆಕ್ಟ್ರಾನ್ ಕಳೆದುಕೊಂಡ ಪರಮಾಣು) ನೀರಿನಲ್ಲೇ ಉಳಿಯುತ್ತದೆ. ಚೆನ್ನಾಗಿ ಉಜ್ಜಿದ ಕಬ್ಬಿಣದ ಚಾಕು ಒಂದು ನಿಮಿಷ ಅದ್ದಿದರೆ ಕಬ್ಬಿಣ ಎರಡು ಎಲೆಕ್ಟ್ರಾನ್ ಕೊಡುತ್ತದೆ, ತಾಮ್ರ ಅದನ್ನು ತಗೊಂಡು ಲೋಹವಾಗಿ ಚಾಕುವಿಗೆ ಕೆಂಪಗೆ ಹತ್ತುತ್ತದೆ. ಕೆಂಪಾದರೆ ಇನ್ನಷ್ಟು ಸುಣ್ಣದ ತಿಳಿ ಹಾಕಿ, ಇಲ್ಲದಿದ್ದರೆ ಎಳೆಕಾಯಿ ಸುಡುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಚಾಕು ನಂಬಬೇಡಿ. ಕಲಸಲು ಕಬ್ಬಿಣದ ಡ್ರಮ್ಮೂ ಬೇಡ, ಪ್ಲಾಸ್ಟಿಕ್ಕೇ ಸರಿ.

ಮಗಳಿಗೆ ಇದನ್ನೂ ಹೇಳಿ: ತಾಮ್ರದ ಎಲೆಕ್ಟ್ರಾನ್ ಕವಚಗಳು 2, 8, 18, 1. ಬಹಳ ಮಕ್ಕಳು 2, 8, 17, 2 ಬರೆಯುತ್ತಾರೆ. ತುತ್ತದಲ್ಲಿರುವ ಅಯಾನಿನಲ್ಲಿ 2, 8, 17, ಒಟ್ಟು 27. ಪ್ರೋಟಾನ್ ಆಗಲೂ 29. ಅದು ಬದಲಾದರೆ ಧಾತುವೇ ಬೇರೆ.

ಪ್ರಶ್ನೆ (ಹೊಸನಗರ): ಪೊಟ್ಯಾಷ್ ಗೊಬ್ಬರದಲ್ಲಿ ವಿಕಿರಣ ಇರ್ತದೆ ಅಂತಾರೆ. ಚೀಲ ಜಗಲಿಯಲ್ಲೇ ಇದೆ. ಹೆದರಬೇಕಾ?

ಉತ್ತರ (ಉಪನ್ಯಾಸಕರು): ಇರುವುದು ನಿಜ, ಹೆದರುವಂಥದ್ದಲ್ಲ. ಪೊಟ್ಯಾಸಿಯಂನಲ್ಲಿ ಶೇ 0.0117 ಪಾಲು ಪೊಟ್ಯಾಸಿಯಂ-40, ಅರ್ಧಾಯುಷ್ಯ 125 ಕೋಟಿ ವರ್ಷ. 50 ಕಿಲೋ ಚೀಲದಲ್ಲಿ ಪೊಟ್ಯಾಸಿಯಂ ಸುಮಾರು 25 ಕಿಲೋ, ಅದರಲ್ಲಿ ಈ ಐಸೋಟೋಪ್ 3 ಗ್ರಾಂ ಹತ್ತಿರ. ನಮ್ಮ ಮೈಯಲ್ಲೂ ಇದು ಇದ್ದೇ ಇದೆ, ಸೆಕೆಂಡಿಗೆ ನಾಲ್ಕು ಸಾವಿರಕ್ಕೂ ಹೆಚ್ಚು ಪರಮಾಣು ಕ್ಷಯಿಸುತ್ತಿರುತ್ತವೆ. ಚೀಲಕ್ಕೆ ಮಳೆನೀರು ತಾಗದಂತೆ ನೋಡಿಕೊಳ್ಳಿ, ಸಾಕು.

ಕ್ಷಯಿಸುವ ಪೊಟ್ಯಾಸಿಯಂ-40ರಲ್ಲಿ ನೂರಕ್ಕೆ 11ರಷ್ಟು ಆರ್ಗಾನ್-40 ಆಗುತ್ತದೆ, ಉಳಿದದ್ದು ಕ್ಯಾಲ್ಸಿಯಂ-40. ಗಾಳಿಯ ಆರ್ಗಾನ್ ಬಹುಪಾಲು ಹೀಗೆ ಬಂಡೆಗಳಿಂದ ಬಂದದ್ದು. ಅದಕ್ಕೇ ಆರ್ಗಾನ್ ರಾಶಿ 39.95, ಮುಂದಿನ ಮನೆಯ ಪೊಟ್ಯಾಸಿಯಂ 39.10. ಪಟ್ಟಿಯಲ್ಲಿ ತಿರುಗುಮುರುಗಾಗಿದೆ ಅಂತ ಮಕ್ಕಳು ತಿದ್ದಲು ಹೋಗುತ್ತಾರೆ. ತಿದ್ದಬಾರದು: 1913ರಲ್ಲಿ ಇಂಗ್ಲಿಷ್ ಭೌತವಿಜ್ಞಾನಿ ಮೋಸ್ಲಿ ಎಕ್ಸ್-ರೇ ಅಳತೆಯಿಂದ ತೋರಿಸಿದಂತೆ ಸಾಲು ನಿಲ್ಲುವುದು 18, 19 ಎಂಬ ಪ್ರೋಟಾನ್ ಎಣಿಕೆಯ ಮೇಲೆ.